ಅಧಿಕ ಮಾಸದ ಪಾಲು

ಸೊರಬ–ಶಿಕಾರಿಪುರ ಬಸ್ಸಿನ ಆ ಕಂಡಕ್ಟರನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ.

ಮನೆ ಪಾಲಾದಾಗ ಅವ್ವನನ್ನೂ ತಿಂಗಳ ಸರದಿಗೆ ಹಂಚಿಕೊಂಡಿದ್ದೆವು: ಒಂದು ತಿಂಗಳು ಸೊರಬದಲ್ಲಿ ಅಣ್ಣನ ಮನೆ, ಮರುತಿಂಗಳು ಶಿಕಾರಿಪುರದಲ್ಲಿ ನನ್ನದು. ಅಮಾವಾಸ್ಯೆಯ ಮರುದಿನ ಅವಳ ಪ್ರಯಾಣ. ಕಂಡಕ್ಟರ್ ಬಸ್ಸಿನ ಬಾಗಿಲಲ್ಲಿ ಎರಡೂ ಕೈ ಚಾಚಿ, "ನಿಧಾನ ಇಳೀರಿ ಅವ್ವಾ, ಬಸ್ಸು ನಿಮ್ದೇ" ಎನ್ನುತ್ತಿದ್ದ. ಪ್ರತಿ ಸಲವೂ ಅದೇ ಮಾತು. ಪ್ರತಿ ಸಲವೂ ಅವ್ವ ನಗುತ್ತಿದ್ದಳು.

ಒಮ್ಮೆ ಆಷಾಢ ಮುಗಿದು, ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸ ಬಂತು. ಆ ಹೆಚ್ಚಿನ ತಿಂಗಳು ಯಾರದೆಂದು ನಾವು ಮಾತಾಡಿಕೊಂಡಿರಲಿಲ್ಲ. ಅವ್ವನನ್ನು ಶಿಕಾರಿಪುರದ ಬಸ್ ನಿಲ್ದಾಣಕ್ಕೆ ಕರೆತಂದ ಅಣ್ಣ, "ನನ್ನ ಆಷಾಢ ಮುಗೀತು" ಎಂದ. "ನಂದು ನಿಜ ಶ್ರಾವಣ, ಇದಲ್ಲ" ಎಂದೆ ನಾನು. ಅವಳು ಬಸ್ಸಿನ ಕಿಟಕಿಯಲ್ಲಿ ಕೂತು ಕೇಳುತ್ತಿದ್ದಳು.

"ಇಬ್ರಿಗೂ ಬ್ಯಾಡಾದ್ರೆ ಈ ತಿಂಗ್ಳು ನನ್ನ ಪಾಲಿಗಿರ್ಲಿ ಬಿಡ್ರೀ" ಎಂದ ಕಂಡಕ್ಟರ್. ತಮಾಷೆಯೆಂದುಕೊಂಡೆವು. ಅವ್ವ ಇಳಿಯಲಿಲ್ಲ.

ತಿಂಗಳ ಬಳಿಕ ಅವಳನ್ನು ಕರೆತರಲು ಸೊರಬದಲ್ಲಿದ್ದ ಕಂಡಕ್ಟರನ ಮನೆಗೆ ಹೋದೆ. ಅಂದು ಅವನಿಗೆ ರಜೆ. ಜಗುಲಿಯಲ್ಲಿ ಕೂತು ಅವಳಿಗೆ ಎಲೆಯಡಿಕೆ ಕುಟ್ಟುತ್ತಿದ್ದ. "ನಂಗೆ ಹಲ್ಲಿಲ್ಲ ಅಂತ ಗೊತ್ತಿಲ್ವೇನೋ? ಇನ್ನೂ ನುಣ್ಣಗೆ ಕುಟ್ಟು" ಎಂದು ಅವ್ವ ಗದರುತ್ತಿದ್ದಳು. ನನ್ನ ಮನೆಯಲ್ಲಿ ಅವಳು ನೀರನ್ನೂ ಕೇಳಿ ಕುಡಿಯುತ್ತಿದ್ದಳು. ಆ ಗದರಿಕೆ ನನಗೆ ಸಲ್ಲಬೇಕಾದದ್ದು ಅನ್ನಿಸಿ ಮೈ ಉರಿಯಿತು.

"ಹೊರಡವ್ವಾ" ಎಂದೆ. ಎದ್ದು ಗಂಟು ಕಟ್ಟಿದಳು. ಬಸ್ಸು ಹೊರಟು ಬಹಳ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದಳು:

"ಇನ್ನೊಂದು ಅಧಿಕ ಮಾಸ ಯಾವಾಗ ಬರ್ತದೋ?"