ಹಾಲೆಂಡಿನಲ್ಲೊಂದು ಪ್ರದಕ್ಷಿಣೆ

ಮನುಷ್ಯ ದಾರಿ ತಪ್ಪುವುದು ಅಜ್ಞಾನದಿಂದ ಎಂಬುದು ಎಲ್ಲ ಕಾಲದ ಜ್ಞಾನಿಗಳ ಅಭಿಪ್ರಾಯ. ನಾವು ತಪ್ಪಿದ್ದು ಒಬ್ಬ ಹೃದ್ರೋಗ ತಜ್ಞರಿಂದ.

ಆಗ ಇಂಗ್ಲೆಂಡಿನ ಶೆಫೀಲ್ಡಿನಲ್ಲಿದ್ದೆವು. ಈ ತಜ್ಞರು ಬ್ರೂಮ್‌ಹಿಲ್‌ನಲ್ಲಿ ದೊಡ್ಡ ಮನೆ ಮಾಡಿಕೊಂಡಿದ್ದ ಕನ್ಸಲ್ಟೆಂಟು. ನನ್ನ ಹೆಂಡತಿ ಅವರ ಕೈಕೆಳಗಿನ ರಿಜಿಸ್ಟ್ರಾರ್, ಅಂದರೆ ಕಿರಿಯ ಡಾಕ್ಟರು. ಆದ್ದರಿಂದ ಅವರು ಆಡಿದ್ದೆಲ್ಲ ನಮ್ಮ ಮನೆಯಲ್ಲಿ ವೇದವಾಕ್ಯ.

ಮೈಸೂರಿನಿಂದ ಬಂದಿದ್ದ ಅಮ್ಮ ಆರು ತಿಂಗಳಲ್ಲಿ ನನ್ನನ್ನು ಕೇಳಿದ್ದು ಒಂದೇ: ಟ್ಯುಲಿಪ್ ನೋಡಬೇಕು. ಹೂದಾನಿಯಲ್ಲಲ್ಲ, ಗದ್ದೆಯಲ್ಲಿ. ಅವರ ವೀಸಾ ಮುಗಿಯುತ್ತ ಬಂದಿತ್ತು, ಹೂವಿನ ಕಾಲವೂ. ಹಲ್ ಬಂದರಿನಲ್ಲಿ ಸಂಜೆ ಕಾರನ್ನು ಹಡಗಿಗೆ ಹತ್ತಿಸಿದರೆ ಬೆಳಿಗ್ಗೆ ಹಾಲೆಂಡು. ಅಂದೇ ಸಂಜೆ ವಾಪಸು. ಸುದ್ದಿ ಕಿವಿಗೆ ಬಿದ್ದದ್ದೇ ತಜ್ಞರು "ನಾನೂ ಬರ್ತೀನಿ, ನನ್ನ ಕಾರು ಮುಂದೆ ಇರ್ಲಿ" ಎಂದರು. ಇದ್ದಿತು.

ಹಾಲೆಂಡಿನವರು ಈ ವಿಷಯದಲ್ಲಿ ಬಲು ಸಭ್ಯರು. ಅಲ್ಲಿನ ಮೋಟಾರು ಸಂಘದವರು ಹೂವಿನ ಸೀಮೆಯಲ್ಲಿ ಒಂದು ಸುತ್ತುದಾರಿ ಗೊತ್ತುಮಾಡಿ, ತಿರುವು ತಿರುವಿಗೂ ಆರು ಮೂಲೆಯ ಫಲಕ ನೆಟ್ಟಿದ್ದರು. ಭಾಷೆ ಬರಬೇಕಿಲ್ಲ, ಬಾಣ ಹೇಳಿದತ್ತ ತಿರುಗಿದರಾಯಿತು. ಆದರೆ ಫಲಕಗಳ ಮುಖ ಕಾಣುವುದು ಒಂದೇ ದಿಕ್ಕಿನವರಿಗೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವವರಿಗೆ. ಹಾಗೆ ಹೊರಟರೆ ಹತ್ತು ನಿಮಿಷದಲ್ಲಿ ಗದ್ದೆ.

ಮೊದಲ ಫಲಕದ ಬಳಿ ತಜ್ಞರು ಕಾರು ನಿಲ್ಲಿಸಿ, ನಕ್ಷೆ ಹಿಡಿದು ಇಳಿದರು.

"ಇದು ಅಪ್ರದಕ್ಷಿಣೆ ಆಗುತ್ತಲ್ರೀ!"

"ಸರ್, ಇದು ರಸ್ತೆ. ದೇವಸ್ಥಾನ ಅಲ್ಲ."

"ಇರ್ಲಿ ಬಿಡಿ. ಅಮ್ಮಾವ್ರು ಮೊದಲನೇ ಸಲ ಬಂದಿದಾರೆ, ಬಲಗಡೆಯಿಂದಾನೇ ಸುತ್ತೋಣ. ಸುತ್ತು ಅಂದ್ಮೇಲೆ ಯಾವ ಕಡೆಯಿಂದ ಹೋದ್ರೂ ಸುತ್ತೇ ತಾನೆ? ಎಂಜಿನಿಯರ್ ನೀವು, ಇಷ್ಟೂ ಗೊತ್ತಾಗಲ್ವಾ?"

"ಫಲಕ ನಮಗೆ ಕಾಣಲ್ಲ, ಸರ್."

ಹೆಂಡತಿ ನನ್ನ ತೋಳು ಚಿವುಟಿದಳು. ಅಮ್ಮ ಕಾರಿನೊಳಗಿಂದಲೇ, "ದೊಡ್ಡೋರ ಹತ್ರ ಏನೋ ನಿನ್ನ ವಾದ, ನಡಿ" ಎಂದರು.

ನಡೆದೆವು. ಆ ಸಂಘದ ಫಲಕಗಳ ಬೆನ್ನನ್ನು ನಮ್ಮಷ್ಟು ಶ್ರದ್ಧೆಯಿಂದ ದರ್ಶನ ಮಾಡಿದವರು ಬೇರೆ ಇರಲಾರರು. ಬೂದು ಬಣ್ಣ, ನಡುವೆ ಎರಡು ಬೋಲ್ಟು. ನಾಲ್ಕು ದಾರಿ ಕೂಡುವಲ್ಲಿ ಬಾಣವಿಲ್ಲ; ತಜ್ಞರ ಊಹೆಯೇ ಗತಿ. ಊಹೆ ನಮ್ಮನ್ನು ಒಂದು ಹಂಚಿನ ಕಾರ್ಖಾನೆಯ ಅಂಗಳಕ್ಕೆ ಒಯ್ದಿತು, ಆಮೇಲೆ ಕಾಲುವೆಯ ದಂಡೆಗೆ, ಆಮೇಲೆ ಇನ್ನೊಂದು ದಾರಿಯಿಂದ ಅದೇ ಕಾರ್ಖಾನೆಯ ಅಂಗಳಕ್ಕೆ. ಅಲ್ಲಿ ಚಿತ್ರಾನ್ನ ತಿಂದೆವು.

"ವಾಪಸ್ ಹೋಗಿ, ಬಾಣದ ಕಡೆಯಿಂದ ಬರೋಣ ಸರ್. ಟೈಮ್ ಆಗ್ತಿದೆ."

"ಅರ್ಧಕ್ಕೆ ತಿರುಗಬಾರದು ಕಣ್ರೀ. ಎಂಥ ನೆಮ್ಮದಿಯ ದೇಶ, ನೋಡಿ!"

ಹೃದಯದ ಕವಾಟ ಒಂದೇ ಕಡೆಗೆ ತೆರೆಯುತ್ತದೆ, ಅದು ತಿರುಗುಮುರುಗಾದರೆ ಆಸಾಮಿ ಉಳಿಯುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಮನುಷ್ಯ! ನನಗೆ ಆ ನಕ್ಷೆಯನ್ನು ಅವರಿಗೇ ತಿನ್ನಿಸಬೇಕೆನಿಸಿತ್ತು. ಇಷ್ಟು ವರ್ಷವಾದರೂ ಆ ಹಸಿವು ಇಂಗಿಲ್ಲ.

ಅಮ್ಮ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ಹಸು ನೋಡುತ್ತಿದ್ದರು. "ಇನ್ನೂ ಎಷ್ಟು ದೂರಾನೋ?" ಎಂದು ಒಮ್ಮೆ ಕೇಳಿದರು. ಮತ್ತೆ ಕೇಳಲಿಲ್ಲ. ನಾಲ್ಕು ಗಂಟೆಗೆ ಬಂದರಿನ ಕಡೆ ತಿರುಗಲೇಬೇಕಾಯಿತು.

ಹಡಗಿನಲ್ಲಿ ತಜ್ಞರು ಕಾಫಿ ಹೀರುತ್ತ, "ಏನೇ ಆಗ್ಲಿ, ಅಮ್ಮಾವ್ರಿಗೆ ಒಳ್ಳೇ ಡ್ರೈವ್ ಆಯ್ತು" ಎಂದರು. ಹೆಂಡತಿ ಮತ್ತೆ ಚಿವುಟಿದಳು.

ಮುಂದಿನ ವಾರ ಅಮ್ಮ ಮ್ಯಾಂಚೆಸ್ಟರಿನಲ್ಲಿ ವಿಮಾನ ಹತ್ತಿದರು. ಗದ್ದೆಯಲ್ಲಿ ಟ್ಯುಲಿಪ್ ನೋಡಲಿಲ್ಲ.