ಕೊಡೋ ಮುಂಚೆ ಎಣಿಸಿದ್ಯಾ?

ಮೊನ್ನೆ ದುರ್ಗಿಗುಡಿಯ ಅಂಗಡಿಯಲ್ಲಿ ಮಗಳಿಗೆ ನೋಟ್‌ಬುಕ್ ಕೊಂಡು, ಅಭ್ಯಾಸಬಲದಿಂದ ಮೂಗಿಗೆ ಹಿಡಿದೆ. ಹೊಸ ಕಾಗದದ ಆ ವಾಸನೆಗೆ ಕಾಗದನಗರದ ನಮ್ಮ ಕ್ವಾರ್ಟರ್ಸ್ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಅಪ್ಪ ಅಲ್ಲಿನ ಕಾಗದದ ಮಿಲ್ಲಿನ ಲ್ಯಾಬಿನಲ್ಲಿ ಕಾಗದ ಪರೀಕ್ಷೆ ಮಾಡುತ್ತಿದ್ದರು. ಕಾಗದ ಕೆಟ್ಟರೆ ಪ್ರತಿ ಶಿಫ್ಟಿನವರೂ ಹಿಂದಿನ ಶಿಫ್ಟಿನವರ ಕಡೆ ಬೆರಳು ತೋರಿಸುತ್ತಿದ್ದರು. ಅಪ್ಪ ಮಾತ್ರ ಶಿಫ್ಟ್ ಬದಲಾಗುವಾಗ ತೆಗೆದಿಟ್ಟ ಸ್ಯಾಂಪಲ್ ನೋಡದೆ ಯಾರ ಹೆಸರನ್ನೂ ಬರೆಯುತ್ತಿರಲಿಲ್ಲ.

ಒಂದು ದಿನ, ಪಕ್ಕದ ಮನೆಯ ಸೆಲ್ವಿಗೆ ಕೊಟ್ಟಿದ್ದ ನನ್ನ ನೋಟ್‌ಬುಕ್ ವಾಪಸ್ ಬಂದಾಗ ನಡುವೆ ಒಂದು ಹಾಳೆ ಹರಿದು ತೆಗೆದ ಗುರುತಿತ್ತು. ಬೀದಿ ನಲ್ಲಿಯ ಹತ್ತಿರ, ಕೊಡ ಹಿಡಿದು ನಿಂತಿದ್ದ ಹೆಂಗಸರೆಲ್ಲರ ಮುಂದೆ, "ನೀನೇ ಹರಿದಿದ್ದು" ಅಂತ ಕೂಗಾಡಿದೆ. ಅವಳು ಅಳುತ್ತಾ ಮನೆಗೆ ಹೋದಳು.

ಸಂಜೆ ಅಪ್ಪ ಕೇಳಿದರು. "ಕೊಡೋ ಮುಂಚೆ ಹಾಳೆ ಎಣಿಸಿದ್ಯಾ?"

"ಇಲ್ಲ. ಆದ್ರೆ ಅವಳ ಹತ್ರ ಹೋಗಿ ಬಂದ ಮೇಲೇ ಅಲ್ವಾ ನಾನು ನೋಡಿದ್ದು?"

"ನೀನು ನೋಡಿದ್ದು ಆಮೇಲೆ. ಹರಿದಿದ್ದೂ ಆಮೇಲೇ ಅಂತ ಹೆಂಗೆ ಗೊತ್ತಾಯ್ತು ಮಾರಾಯ್ತಿ?"

ಸೆಲ್ವಿ ಮನೆಗೆ ಹೋಗಿ, "ನಾನು ಎಣಿಸಿರಲಿಲ್ಲ ಕಣೇ, ತಪ್ಪಾಯ್ತು" ಅಂತ ಮೆಲ್ಲಗೆ ಹೇಳಿದೆ.

"ಇಲ್ಲಿ ಯಾಕೆ ಹೇಳ್ತೀಯ? ನಲ್ಲಿ ಹತ್ರ ಬಂದು ಹೇಳು" ಅಂದಳು.

ಮರುದಿನ ಬೆಳಿಗ್ಗೆ ಅಲ್ಲಿಗೇ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಯಾರದೋ ಕೊಡ ತುಂಬಿ ಹರಿಯುತ್ತಿತ್ತು, ಯಾರೂ ನಲ್ಲಿ ನಿಲ್ಲಿಸಲಿಲ್ಲ.

ಆ ಹಾಳೆ ಯಾರು ಹರಿದರೋ ಇವತ್ತಿಗೂ ಗೊತ್ತಿಲ್ಲ.

ಮೊನ್ನೆ ಅಂಗಡಿ ಮುಂದೆ ಮಗಳು, "ಹೊರಡೋಣ್ವಾ ಅಮ್ಮಾ?" ಅಂದಳು.

"ತಾಳು, ಹಾಳೆ ಎಣಿಸ್ತೀನಿ" ಅಂದೆ.