ನೀರಿನ ಟೊಮೆಟೊ, ಅತ್ತೆಯ ಮೂಗು

ಮಣ್ಣಿನಲ್ಲಿ ಟೊಮೆಟೊ ಬೆಳೆಯುವ ಆಸೆಯನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಕುಮಟೆಯ ನಮ್ಮ ಹಿತ್ತಿಲಲ್ಲಿ ಬದನೆ ಬರುತ್ತದೆ, ಬಸಳೆ ಬರುತ್ತದೆ. ಟೊಮೆಟೊ ಮಾತ್ರ ಹೂ ಬಿಡುವ ಹೊತ್ತಿಗೆ ನಿಂತಲ್ಲೇ ಬಾಡಿ ಸಾಯುತ್ತದೆ. ಮಳೆಗಾಲದ ಮಾತಂತೂ ಕೇಳುವುದೇ ಬೇಡ. ಅದಕ್ಕೇ ಹಿಂದಿನ ಸಣ್ಣ ಕೋಣೆಯಲ್ಲಿ, ಮಣ್ಣಿನ ಗೊಡವೆಯೇ ಇಲ್ಲದೆ, ನೀರಿನಲ್ಲಿ ಗಿಡ ಬೆಳೆಸಲು ಶುರುಮಾಡಿದೆ. ಮುಚ್ಚಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಗಳು, ನೀರಿಗೆ ಬೆರೆಸುವ ಗೊಬ್ಬರದ ಪುಡಿ, ಗುಳುಗುಳು ಎನ್ನುವ ಗಾಳಿಯ ಪಂಪು, ಮೇಲೆ ನೇರಳೆ ಬಣ್ಣದ ದೀಪ. ಆ ದೀಪ ನೋಡಿ ಪಕ್ಕದ ಮನೆಯ ಅಕ್ಕ, "ಒಳಗೆ ಎಂತ, ಡಿಜೆ ಇಟ್ಟಿದ್ರಾ?" ಎಂದು ಕೇಳಿದ್ದಳು.

ಮೂರು ಜಾತಿಯ ಟೊಮೆಟೊ ಹಾಕಿದ್ದೆ. ಕೆಂಪು ಚೆರ್ರಿ ಬಲು ಹಟಮಾರಿ. ಕಟ್ಟಿದ ದಾರವನ್ನೆಲ್ಲ ದಾಟಿ ದೀಪಕ್ಕೇ ತಲೆ ತಾಗಿಸಿ ಎಲೆ ಸುಟ್ಟುಕೊಂಡಿತು. ಗೊಂಚಲು ಗೊಂಚಲು ಕಾಯಿ, ಹಣ್ಣಾಗುವಾಗ ಸಿಪ್ಪೆ ಬಿರಿಯುವ ರೋಗ. ಹಳದಿ ಚೆರ್ರಿ ಸೋಮಾರಿ, ಕಾಯಿ ಕಟ್ಟಲು ಕಾಯಿಸಿ ಕಾಯಿಸಿ ಸತಾಯಿಸಿತು. ಮೂರನೆಯದು ಗಿಡ್ಡ ಜಾತಿ. ಹೇಳಿದಂತೆ ಕೇಳುವ ಗಿಡ. ಮೊಣಕಾಲೆತ್ತರಕ್ಕೆ ನಿಂತು, ಅಂಗಡಿಯಲ್ಲಿ ಸಿಗುವಂಥ ದುಂಡನೆಯ ಹಣ್ಣು ಕೊಡುತ್ತಿತ್ತು. ಒಳಗೆ ಜೇನುನೊಣ ಬರುವುದಿಲ್ಲವಲ್ಲ, ಬೆಳಿಗ್ಗೆ ಎದ್ದು ಹೂಗಳನ್ನು ನಾನೇ ಬೆರಳಿನಿಂದ ಮೆಲ್ಲಗೆ ತಟ್ಟಬೇಕಿತ್ತು. ಗಿಡ್ಡದ್ದನ್ನು ಎರಡು ಸಲ ಹೆಚ್ಚೇ ತಟ್ಟುತ್ತಿದ್ದೆ. ನನಗೆ ಅದರ ಮೇಲೇ ಪ್ರೀತಿ.

ರುಚಿ ಹೇಳಲು ಅತ್ತೆ ಬೇಕಿತ್ತು, ಕಷ್ಟ ಇದ್ದದ್ದೂ ಅಲ್ಲೇ. ಒಂದು ಕೆಟ್ಟ ಜ್ವರ ಬಂದು ಹೋದ ಮೇಲೆ ಅವರ ಮೂಗು ಸತ್ತುಹೋಗಿತ್ತು. ವಾಸನೆಯಿಲ್ಲ, ಅದರ ಹಿಂದೆಯೇ ರುಚಿಯೂ ಇಲ್ಲ. "ಬರಬಹುದು, ಕಾಯಬೇಕು" ಎಂದು ಡಾಕ್ಟರು ಅವರಿಗೆ ಹೇಳಿದರು; ಬರದೆಯೂ ಇರಬಹುದು ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಕಡಲ ಬದಿಯ ಕಾಗಾಲದಲ್ಲಿ ಹುಟ್ಟಿ ಬೆಳೆದ ಹೆಂಗಸು, ಅಡುಗೆಯಲ್ಲಿ ಊರಿಗೇ ಹೆಸರಾದವರು. ಈಗ ಸಾರು ತಳ ಹಿಡಿದರೂ ಒಲೆಯ ಮುಂದೆ ಸುಮ್ಮನೆ ನಿಂತಿರುತ್ತಿದ್ದರು. ಒಂದು ದಿನ ಸೌಟನ್ನು ನನ್ನ ಕೈಗೆ ಕೊಟ್ಟು, "ಇನ್ನು ನೀನೇ ಮಾಡು. ನಂಗೆ ಅನ್ನವೂ ಒಂದೇ, ಹೊಯ್ಗೆ ಮಣ್ಣೂ ಒಂದೇ" ಎಂದರು. ಊಟ ಅರ್ಧಕ್ಕಿಳಿಯಿತು. ಕೈಬಳೆ ಮೊಣಕೈತನಕ ಜಾರತೊಡಗಿತು. ನನಗೆ ನಿಜವಾಗಿ ಹೆದರಿಕೆ ಹತ್ತಿತ್ತು.

ಹಣ್ಣಾದಾಗಲೆಲ್ಲ ಮೂರು ಜಾತಿಯನ್ನೂ ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿಯುತ್ತಿದ್ದೆ. "ಯಾವ್ದು ಚಲೋ ಅದೆ ಹೇಳಿ."

"ಎಲ್ಲ ಒಂದೇ ಮಾರಾಯ್ತಿ. ಬರೀ ನೀರು ಕುಡ್ದು ಬೆಳೆದದ್ದು, ಇನ್ನೆಂತ ರುಚಿ ಇರ್ತದೆ?"

ಮೂಗಿನ ಮಾತು ಬರಬಾರದೆಂದು ಹಾಗೆ ಹೇಳುತ್ತಿದ್ದರು. ನಾನೂ ಗಿಡದ ಮೇಲೇ ತಪ್ಪು ಹೊರಿಸಿ ತಟ್ಟೆಯನ್ನು ಒಳಗೆ ಒಯ್ಯುತ್ತಿದ್ದೆ.

ಬೆಳಕೆಯ ನನ್ನ ತವರಿನಲ್ಲಿ ತಮ್ಮನ ಮಗುವಿಗೆ ಹೆಸರಿಡುವ ಶಾಸ್ತ್ರವಿತ್ತು. ಗಂಡನೂ ನಾನೂ ಹೋಗಿ ಎರಡು ದಿನ ಉಳಿದೆವು. ಅತ್ತೆ ಬರಲೊಲ್ಲೆನೆಂದರು, ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದ ಆಗಾಗ ವಿಚಾರಿಸುತ್ತೇನೆಂದಳು. ವಾಪಸ್ ಬರುವಾಗ ಹೊನ್ನಾವರದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಸೆಕೆಯಲ್ಲಿ ಮನೆ ಮುಟ್ಟಿದೆವು. ಜಗಲಿ ಹತ್ತುವಾಗಲೇ ನಾತ ಹೊಡೆಯಿತು. ಹಿಂದಿನ ಕೋಣೆಯ ಬಾಗಿಲು ತೆಗೆದದ್ದೇ ತಡ, ಗಂಡ ಅಂಗಳಕ್ಕೆ ಓಡಿದರು. ಕೆಂಪು ಚೆರ್ರಿ ಕುತ್ತಿಗೆ ಮುರಿದಂತೆ ಜೋತುಬಿದ್ದಿತ್ತು. ಮುಚ್ಚಳ ಎತ್ತಿದರೆ ಬೆಳ್ಳಗಿದ್ದ ಬೇರೆಲ್ಲ ಕಂದು ಲೋಳೆ, ನೀರಿನ ಮೇಲೆ ಮೀನಿನ ಹುರುಪೆ ತೇಲುತ್ತಿತ್ತು.

ಯಾರ ಕೆಲಸವೆಂದು ಕೇಳುವ ಅಗತ್ಯವೇ ಇರಲಿಲ್ಲ. ನಮ್ಮ ಕಡೆ ಮೀನು ತೊಳೆದ ನೀರನ್ನು ಯಾರೂ ಚರಂಡಿಗೆ ಚೆಲ್ಲುವುದಿಲ್ಲ. ಅದು ಕರಿಬೇವಿನ ಬುಡಕ್ಕೆ, ತೆಂಗಿನ ಬುಡಕ್ಕೆ ಹೋಗಬೇಕು. ಹುಟ್ಟುಗುಣ ಸುಟ್ಟರೂ ಹೋಗದು. ನಾನಿಲ್ಲದಾಗ ಒಲೆ ಹಚ್ಚಿದ ಅತ್ತೆ, ಬರೀ ನೀರು ಕುಡಿದು ಬದುಕುವ ಪಾಪದ ಗಿಡಕ್ಕೂ ಊಟ ಬಡಿಸಿದ್ದರು. ನನಗೆ ಮೊದಲೇ ಸಿಟ್ಟು ಬೇಗ. ಇಷ್ಟು ದಿನ ಮಗುವಿನ ಹಾಗೆ ಸಾಕಿದ್ದು ಇದಕ್ಕೇನಾ ಎಂದು ಕೂಗುತ್ತಲೇ ಹಿತ್ತಿಲಿಗೆ ಹೋದೆ.

ಅತ್ತೆ ಒಂದು ಕೈಯಲ್ಲಿ ಕಸಬರಿಗೆ ಹಿಡಿದು ಕಟ್ಟಿಗೆ ರಾಶಿ ಕೆದಕುತ್ತಿದ್ದರು. ಇನ್ನೊಂದು ಕೈಯಲ್ಲಿ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದರು.

"ಬಂದ್ಯಾ? ಬೆಳಿಗ್ಗಿಂದ ಹುಡುಕ್ತಾ ಇದ್ದೆ. ಇಲಿ ಎಲ್ಲೋ ಸತ್ತದೆ. ಎಂತ ನಾತ ಮಾರಾಯ್ತಿ."

ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು.

"ಅತ್ತೆ, ನಿಮ್ಗೆ ನಾತ ಬಂತಾ?"

"ಬರ್ದೆ ಎಂತ, ತಲೆ ಸುತ್ತಿ..." ಅಷ್ಟು ಹೇಳಿ ತಡೆದರು. ಸೆರಗು ಇಳಿಸಿದರು. ಮೆಲ್ಲಗೆ ಉಸಿರೆಳೆದು ಮುಖ ಕಿವುಚಿದರು. ನಂಬಿಕೆ ಸಾಲದೆ ಹಿಂದಿನ ಕೋಣೆಯ ಕಿಟಕಿಗೇ ಹೋಗಿ ಇನ್ನೊಮ್ಮೆ ಎಳೆದರು. ಓಕರಿಕೆ ಬಂತು. ಹಾಗೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಗಳಗಳನೆ ಅಳತೊಡಗಿದರು. ನನಗೂ ತಡೆಯಲಾಗಲಿಲ್ಲ.

ಗಂಡ ಓಡಿಬಂದು ಇಬ್ಬರನ್ನೂ ನೋಡಿ ಗಾಬರಿಯಾದರು. "ಎಂತ ಆಯ್ತು? ಯಾರು ಹೋದ್ರು?"

"ಯಾರೂ ಹೋಗ್ಲಿಲ್ಲ," ಅತ್ತೆ ಕಣ್ಣೊರೆಸಿಕೊಂಡು ಹೇಳಿದರು. "ನನ್ನ ಮೂಗು ಬಂತು."

ಇಲಿಯಲ್ಲ, ನಿಮ್ಮದೇ ಮೀನಿನ ನೀರು ಎಂದು ಆಮೇಲೆ ಹೇಳಿದೆ. "ಮತ್ತೆಂತ ಮಾಡುದು? ನೀನು ಇಲ್ದಾಗ ಅವು ಉಪವಾಸ ಅಲ್ದಾ?" ಎಂದರು. ಮೂವರೂ ಸೇರಿ ಕೋಣೆ ತೊಳೆದೆವು. ಮೀನಿನ ನೀರನ್ನೆಲ್ಲ ಕೆಂಪಿನ ಡಬ್ಬಕ್ಕೇ ಸುರಿದಿದ್ದರಿಂದ ಅದೊಂದು ಸತ್ತಿತು, ಮಿಕ್ಕೆರಡು ಉಳಿದವು.

ವಾಸನೆ ಒಮ್ಮೆಲೇ ಪೂರ್ತಿ ಮರಳಲಿಲ್ಲ, ದಿನಕ್ಕಿಷ್ಟು ಎಂದು ಬಂತು. ಮುಂದಿನ ಹಣ್ಣು ಕೊಯ್ದಾಗ ಅತ್ತೆ ಮೊದಲು ಹಳದಿ ತಿಂದರು. ಗಿಡ್ಡದರ ಹೋಳನ್ನು ಬಾಯಿಗಿಟ್ಟು, ಅಗಿದು, ನನ್ನ ಮುಖ ನೋಡಿದರು.

"ಬೇಜಾರು ಮಾಡ್ಬೇಡ. ಇದು ಸಪ್ಪೆ."

"ಇನ್ನೊಂದ್ಸಲ ಹೇಳಿ."

"ಸಪ್ಪೆ ಅಂದೆ ಅಲ್ದಾ. ಹಳದಿದೇ ಚಲೋ, ಹುಳಿ ಸಿಹಿ ಎರಡೂ ಅದೆ."

ನನ್ನ ಮುದ್ದಿನ ಗಿಡವನ್ನು ಹಾಗೆ ಜರಿದರೂ ನನಗೆ ಜೀವ ಹಗುರವಾಯಿತು. ಅತ್ತೆ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಹಳದಿ ಹಣ್ಣನ್ನೆಲ್ಲ ಒಂದೊಂದಾಗಿ ತಿಂದು ಮುಗಿಸಿದರು, ನನಗೊಂದೂ ಉಳಿಸಲಿಲ್ಲ.